ವಿನಾಯಿತಿ ಇದೆ, ಕೊಳ್ಳುವವರಿಲ್ಲ: ಇನುಯಿಟರ ಸೀಲ್ ಬೇಟೆಯ ಕಗ್ಗಂಟು

ಸೀಲ್ ಎಂಬ ಕಡಲಸಸ್ತನಿಯ ಚರ್ಮ, ಮಾಂಸ, ಎಣ್ಣೆ ಯಾವುದನ್ನೂ ತನ್ನ ಮಾರುಕಟ್ಟೆಯಲ್ಲಿ ಮಾರುವಂತಿಲ್ಲ ಎಂದು ಯುರೋಪಿಯನ್ ಒಕ್ಕೂಟ 2009ರಲ್ಲಿ ಕಾನೂನು ಮಾಡಿತು. ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿಗಳಾದ ಇನುಯಿಟರು ತಮ್ಮ ಜೀವನಕ್ಕಾಗಿ ಪರಂಪರೆಯಂತೆ ಆಡುವ ಬೇಟೆಗೆ ಇದು ಅನ್ವಯಿಸದು ಎಂಬ ವಿನಾಯಿತಿಯನ್ನೂ ಅದರಲ್ಲೇ ಸೇರಿಸಿತು. 2024ರಲ್ಲಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಈ ಕಾನೂನಿನ ಮರುಪರಿಶೀಲನೆಗೆ ಕೈಹಾಕಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಹಳೆಯ ಜಗಳವೆಲ್ಲ ಮತ್ತೆ ಮೇಲೆದ್ದಿತು. ಓದುಗರಿಗೆ ತಲೆಬುಡ ಅರ್ಥವಾಗದ ಸಂಗತಿ ಇಲ್ಲೇ ಇದೆ. ಕಾನೂನು ಯಾರಿಗೆ ವಿನಾಯಿತಿ ಕೊಟ್ಟಿದೆಯೋ ಅವರೇ ಅದರ ವಿರುದ್ಧ ಕೋರ್ಟಿಗೆ ಹೋದರು, ಸೋತರು, ಇವತ್ತಿಗೂ ಆ ಕಾನೂನು ರದ್ದಾಗಲಿ ಎನ್ನುತ್ತಿದ್ದಾರೆ. ವಿನಾಯಿತಿ ಕೊಟ್ಟ ಮೇಲೂ ಇವರ ತಕರಾರೇನು?

ಗ್ರೀನ್‌ಲ್ಯಾಂಡ್ ಯಾರ ಕೈಗೆ ಹೋಗುತ್ತದೆ ಎಂಬ ಗದ್ದಲದಲ್ಲಿ ನಮ್ಮ ಪತ್ರಿಕೆಗಳಿಗೂ ಆರ್ಕ್ಟಿಕ್ ಬಂತು. ಬಂದದ್ದು ಖನಿಜ, ಸೇನಾನೆಲೆ, ಹಡಗಿನ ದಾರಿಗಳ ಭೂಪಟ. ಅಲ್ಲಿನ ಜನ ಏನು ತಿನ್ನುತ್ತಾರೆ, ತಿನ್ನುವುದನ್ನು ಹಿಡಿಯಲು ಖರ್ಚೆಷ್ಟು, ಆ ರೊಕ್ಕ ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಬರಲಿಲ್ಲ. ಸೀಲ್ ವಿವಾದ ಅರ್ಥವಾಗಬೇಕಾದರೆ ಶುರು ಮಾಡಬೇಕಾದ್ದು ಆ ಲೆಕ್ಕದಿಂದಲೇ.

ಯಾರು ಇವರು, ಎಷ್ಟು ಮಂದಿ

ನಮ್ಮ ಹಳೆಯ ಪಠ್ಯಪುಸ್ತಕಗಳು ಎಸ್ಕಿಮೊ ಎಂದು ಕರೆದವರ ಬಹುಪಾಲು ಜನ ತಮ್ಮನ್ನು ಕರೆದುಕೊಳ್ಳುವುದು ಇನುಯಿಟ್ ಎಂದು. ಅರ್ಥ, ಜನರು. ಒಬ್ಬರಾದರೆ ಇನುಕ್. ಅಲಾಸ್ಕ, ಕೆನಡಾ, ಗ್ರೀನ್‌ಲ್ಯಾಂಡ್ ಮತ್ತು ರಷ್ಯಾದ ಚುಕೋಟ್ಕ ಸೇರಿಸಿ ಸುಮಾರು 1 ಲಕ್ಷ 80 ಸಾವಿರ ಮಂದಿ. ಕೆನಡಾದ 2021ರ ಜನಗಣತಿಯಲ್ಲಿ 70,545 ಇನುಯಿಟರು ಸಿಕ್ಕರು. ಅವರಲ್ಲಿ ಹತ್ತಕ್ಕೆ ಏಳು ಮಂದಿ ಇನುಯಿಟ್ ನುನಂಗಾಟ್ ಎಂಬ ಸ್ವಂತ ನೆಲದ 51 ಊರುಗಳಲ್ಲಿ ಇದ್ದಾರೆ. 1999ರ ಏಪ್ರಿಲ್ 1ರಂದು ಹುಟ್ಟಿದ ನುನಾವುಟ್ ಪ್ರಾಂತ್ಯ ಇದರ ದೊಡ್ಡ ಭಾಗ. ಅಲ್ಲಿನ 25 ಊರುಗಳಲ್ಲಿ ಒಂದಕ್ಕೂ ದಕ್ಷಿಣದಿಂದ ರಸ್ತೆ ಇಲ್ಲ. ಬೇಸಿಗೆಯ ಕೆಲವು ವಾರ ಮಂಜು ಕರಗಿದಾಗ ಹಡಗು ಬರುತ್ತದೆ, ಉಳಿದ ಕಾಲ ಎಲೆಕೋಸಿನಿಂದ ಹಾಲಿನವರೆಗೆ ಎಲ್ಲವೂ ವಿಮಾನದಲ್ಲೇ ಬರಬೇಕು. ಅಂಗಡಿಯ ಬೆಲೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದೇ ಹೆಸರಿನ ಎರಡು ಬೇಟೆ

ಈ ವಿವಾದದ ಅರ್ಧ ಗೊಂದಲ ಹುಟ್ಟುವುದು 'ಸೀಲ್ ಬೇಟೆ' ಎಂಬ ಒಂದೇ ಮಾತಿನ ಕೆಳಗೆ ಎರಡು ಬೇರೆ ಕೆಲಸಗಳು ಅಡಗಿರುವುದರಿಂದ.

ಮೊದಲನೆಯದು ಕೆನಡಾದ ಪೂರ್ವ ಕರಾವಳಿಯ ವಾಣಿಜ್ಯ ಬೇಟೆ. ನ್ಯೂಫೌಂಡ್‌ಲ್ಯಾಂಡ್ ಮತ್ತು ಸೇಂಟ್ ಲಾರೆನ್ಸ್ ಕೊಲ್ಲಿಯ ತೇಲುಮಂಜಿನ ಮೇಲೆ ಹಾರ್ಪ್ ಸೀಲ್‌ಗಳು ಹಿಂಡುಗಟ್ಟಿ ಮರಿ ಹಾಕುತ್ತವೆ. ಹುಟ್ಟಿದ ಸುಮಾರು ಎರಡು ವಾರ ಮರಿಯ ಮೈತುಂಬ ಹಾಲುಬಿಳುಪಿನ ತುಪ್ಪಳ. ಹಡಗಿನಲ್ಲಿ ಬಂದವರು ಆ ಮರಿಗಳನ್ನು ದೊಣ್ಣೆಯಿಂದ ಹೊಡೆಯುವ ಚಿತ್ರಗಳು 1960, 70ರ ದಶಕಗಳಲ್ಲಿ ಜಗತ್ತಿನ ಕಣ್ಣಿಗೆ ಬಿದ್ದವು. ಫ್ರಾನ್ಸಿನ ನಟಿ ಬ್ರಿಜಿತ್ ಬಾರ್ದೊ 1977ರಲ್ಲಿ ಮಂಜಿನ ಮೇಲೆ ಹೋಗಿ ಇಳಿದ ಮೇಲಂತೂ ಬಿಳಿಮರಿಯ ಕಪ್ಪು ಕಣ್ಣು ಇಡೀ ಚಳವಳಿಯ ಲಾಂಛನವಾಯಿತು.

ಎರಡನೆಯದು ಇನುಯಿಟರದ್ದು. ಅವರು ಮುಖ್ಯವಾಗಿ ಹಿಡಿಯುವುದು ಉಂಗುರ ಸೀಲ್ ಎಂಬ ಚಿಕ್ಕ ಜಾತಿ, ಅವರ ಭಾಷೆಯಲ್ಲಿ ನಾಟ್ಸಿಕ್. ಬೆಳೆದದ್ದು 50ರಿಂದ 70 ಕಿಲೊ ತೂಗುತ್ತದೆ. ಇದು ಹಿಂಡಾಗಿ ಸಿಗುವ ಪ್ರಾಣಿಯಲ್ಲ, ಒಂದೊಂದನ್ನೇ ಹುಡುಕಬೇಕು. ಬಿಳಿಮರಿಯ ವ್ಯಾಪಾರಕ್ಕೂ ಇವರಿಗೂ ಸಂಬಂಧವೇ ಇರಲಿಲ್ಲ. ಉಂಗುರ ಸೀಲ್ ಲಕ್ಷೋಪಲಕ್ಷ ಸಂಖ್ಯೆಯಲ್ಲಿದೆ. ಜೀವಿಗಳಿಗೆ ಅಳಿವಿನ ಅಪಾಯ ಎಷ್ಟೆಂದು ಹೇಳುವ ಜಾಗತಿಕ ಪಟ್ಟಿಯಲ್ಲಿ ಅದು 'ಕನಿಷ್ಠ ಆತಂಕ'ದ ವರ್ಗದ್ದು. ಹಾರ್ಪ್ ಸೀಲ್ ಕೂಡ 40 ಲಕ್ಷಕ್ಕೂ ಮಿಗಿಲಾಗಿದೆ. ಯುರೋಪಿನ ನಿಷೇಧ ಅಳಿವಿನಂಚಿನ ಪ್ರಾಣಿಯನ್ನು ಉಳಿಸಲು ಬಂದದ್ದಲ್ಲ, ಕೊಲ್ಲುವ ರೀತಿ ಕ್ರೂರ ಎಂಬ ಕಾರಣಕ್ಕೆ ಬಂದದ್ದು. ಇದನ್ನು ನೆನಪಿಟ್ಟುಕೊಳ್ಳದೆ ಮುಂದಿನ ವಾದಗಳು ತಿಳಿಯುವುದಿಲ್ಲ.

ಉಸಿರುತೂತಿನ ಬಳಿ

ಚಳಿಗಾಲದಲ್ಲಿ ಕಡಲು ಒಂದೂವರೆ, ಎರಡು ಮೀಟರ್ ದಪ್ಪಕ್ಕೆ ಹೆಪ್ಪುಗಟ್ಟುತ್ತದೆ. ಸೀಲ್ ಮೀನಲ್ಲ, ಗಾಳಿ ಬೇಕು. ಮಂಜು ತೆಳುವಾಗಿದ್ದಾಗಲೇ ಮುಂಗಾಲಿನ ಉಗುರಿನಿಂದ ಕೆರೆದು ತೂತು ಮಾಡಿ, ಮಂಜು ದಪ್ಪಗಾದಂತೆಲ್ಲ ಕೆರೆಯುತ್ತಲೇ ಇದ್ದು ಅದನ್ನು ಕಾಪಾಡಿಕೊಳ್ಳುತ್ತದೆ. ಇದೇ ಅಗ್ಲು. ಒಂದು ಸೀಲಿಗೆ ಇಂಥ ಹಲವು ತೂತುಗಳು. ಮೇಲೆ ಹಿಮ ಮುಚ್ಚಿರುವುದರಿಂದ ಮನುಷ್ಯನ ಕಣ್ಣಿಗೆ ಕಾಣದು, ನಾಯಿಯ ಮೂಗಿಗೆ ಮಾತ್ರ ಸಿಗುತ್ತದೆ.

ಹಳೆಯ ಪದ್ಧತಿಯಲ್ಲಿ ಬೇಟೆಗಾರ ಕಾಲಡಿ ತುಪ್ಪಳದ ತುಂಡು ಹಾಕಿಕೊಂಡು, ಬಾಗಿ, ಗಂಟೆಗಟ್ಟಲೆ ಅಲುಗದೆ ನಿಲ್ಲುತ್ತಿದ್ದ. ಹಿಮ ಕಿರುಗುಟ್ಟಿದರೂ ನೀರಿನೊಳಗೆ ಕೇಳುತ್ತದೆ. ಹೆಜ್ಜೆ ಬದಲಿಸಿದರೆ ಸೀಲ್ ಇನ್ನೊಂದು ತೂತಿಗೆ ಹೋಗುತ್ತದೆ. ತೂತಿನೊಳಗೆ ಇಳಿಬಿಟ್ಟ ಸಣ್ಣ ಮೂಳೆಕಡ್ಡಿ ಅಲುಗಿದರೆ ಸೀಲ್ ಬಂತೆಂದು ಅರ್ಥ, ಆ ಕ್ಷಣವೇ ಈಟಿ ಇಳಿಯಬೇಕು. ಈಟಿಯ ಮೊನೆ ಕೋಲಿಗೆ ಅಂಟಿಕೊಂಡಿರುವುದಿಲ್ಲ. ಮೈಯೊಳಗೆ ಹೊಕ್ಕ ಕೂಡಲೇ ಕೋಲಿನಿಂದ ಕಳಚಿ, ಹಗ್ಗದ ಎಳೆತಕ್ಕೆ ಚರ್ಮದ ಕೆಳಗೆ ಅಡ್ಡ ತಿರುಗಿ, ಕಾಜದೊಳಗೆ ಅಡ್ಡಬಿದ್ದ ಗುಂಡಿಯ ಹಾಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಉದ್ದನೆಯ ಉಳಿಯಿಂದ ತೂತನ್ನು ದೊಡ್ಡದು ಮಾಡಿ ಮೇಲೆಳೆಯಬೇಕು. ಸತ್ತ ಸೀಲಿನ ಬಾಯಿಗೆ ಒಂದಿಷ್ಟು ಸಿಹಿನೀರು ಬಿಡುವ ಸಂಪ್ರದಾಯವಿದೆ: ಉಪ್ಪುನೀರಿನಲ್ಲೇ ಬದುಕಿದ ಪ್ರಾಣಿಗೆ ಬಾಯಾರಿಕೆ ಇರುತ್ತದೆ ಎಂಬ ನಂಬಿಕೆ.

ಈಗ ಬಂದೂಕು ಬಂದಿದೆ. ಅದರದ್ದೇ ಲೆಕ್ಕಾಚಾರವೂ ಇದೆ. ಚಳಿಗಾಲದಲ್ಲಿ ಸೀಲಿನ ಮೈಮೇಲೆ ಕೊಬ್ಬು ದಪ್ಪ, ಗುಂಡು ತಗುಲಿದರೂ ತೇಲುತ್ತದೆ. ಜೂನ್, ಜುಲೈಗೆ ಕೊಬ್ಬು ಇಳಿದಿರುತ್ತದೆ, ಕರಗಿದ ಮಂಜಿನಿಂದ ಕಡಲಿನ ಮೇಲ್ಪದರದ ಉಪ್ಪೂ ಕಡಿಮೆಯಾಗಿರುತ್ತದೆ. ಆಗ ಗುಂಡು ಹಾರಿಸಿದರೆ ಸೀಲ್ ಮುಳುಗಿಹೋಗುತ್ತದೆ. ಮಾಂಸವೂ ಇಲ್ಲ, ಚರ್ಮವೂ ಇಲ್ಲ. ಅದಕ್ಕೇ ಆ ತಿಂಗಳುಗಳಲ್ಲಿ ದೋಣಿ ಹತ್ತಿರ ಓಡಿಸಿ ಬೇಗ ಈಟಿ ಸಿಕ್ಕಿಸುವವನೇ ಒಳ್ಳೆಯ ಬೇಟೆಗಾರ. ಪ್ರಾಣಿದಯಾ ಸಂಘಗಳು ಎತ್ತುವ 'ಗಾಯಗೊಂಡು ಕೈತಪ್ಪಿದ ಪ್ರಾಣಿ'ಯ ಪ್ರಶ್ನೆಗೆ ಬುಡ ಇಲ್ಲಿದೆ. ಅದು ಸುಳ್ಳು ಪ್ರಶ್ನೆಯಲ್ಲ.

ಒಂದು ಚರ್ಮದ ಹಿಂದಿನ ಕೆಲಸ

ಮಾಂಸ ಊರಲ್ಲಿ ಹಂಚಿಹೋಗುತ್ತದೆ. ಅದನ್ನು ಮಾರುವುದಕ್ಕಿಂತ ನೆಂಟರು, ಮುದುಕರು, ಬೇಟೆಗೆ ಹೋಗಲಾಗದವರ ಮನೆಗೆ ಮುಟ್ಟಿಸುವುದೇ ರೂಢಿ. ರೊಕ್ಕವಾಗುವುದು ಚರ್ಮ ಮಾತ್ರ, ಅದೂ ಹೆಂಗಸರ ಕೈಯಲ್ಲಿ ಹದವಾದ ಮೇಲೆ.

ಅರ್ಧಚಂದ್ರದ ಆಕಾರದ ಉಲು ಎಂಬ ಕತ್ತಿಯಿಂದ ಚರ್ಮಕ್ಕೆ ಅಂಟಿದ ಕೊಬ್ಬನ್ನು ಕೆರೆಯುವುದು ಮೊದಲ ಹೆಜ್ಜೆ. ಒಂದಿಷ್ಟು ಕೊಬ್ಬು ಉಳಿದರೂ ಅದು ಕೆಟ್ಟು ಹಳದಿ ಕಲೆಯಾಗುತ್ತದೆ, ಆ ಜಾಗದ ಕೂದಲು ಉದುರುತ್ತದೆ. ಅವಸರದಲ್ಲಿ ಕತ್ತಿ ತಾಗಿ ಬಿದ್ದ ಕೂದಲೆಳೆಯಷ್ಟು ಗೀರು ಚೌಕಟ್ಟಿಗೆ ಬಿಗಿದಾಗ ಬೆರಳು ತೂರುವ ತೂತಾಗುತ್ತದೆ. ತೊಳೆದು, ಅಂಚಿನುದ್ದಕ್ಕೂ ದಾರ ಕೋದು ಮರದ ಚೌಕಟ್ಟಿಗೆ ನಾಲ್ಕೂ ಕಡೆ ಸಮನಾಗಿ ಬಿಗಿದು ಗಾಳಿಗೆ ಒಣಗಿಸಬೇಕು. ಒಲೆಯ ಹತ್ತಿರ ಇಟ್ಟು ಬೇಗ ಒಣಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಇದರಲ್ಲಿ ಯಾವ ತಪ್ಪಾದರೂ ಕೊಳ್ಳುವವನು ದರ್ಜೆ ಇಳಿಸುತ್ತಾನೆ.

ಅದೇ ಚರ್ಮದಿಂದ ಮನೆಗೆ ಬೇಕಾದ ಕಾಮಿಕ್ ಎಂಬ ಬೂಟು ಹೊಲಿಯುತ್ತಾರೆ. ಅಟ್ಟೆಗೆ ಗಡ್ಡದ ಸೀಲಿನ ದಪ್ಪ ಚರ್ಮ, ಮೇಲ್ಭಾಗಕ್ಕೆ ಉಂಗುರ ಸೀಲಿನದು. ನೀರು ಒಳಗೆ ಬಾರದಂತೆ ಹಾಕುವ ಹೊಲಿಗೆ ಬೇರೆಯದೇ ಥರ. ಸೂಜಿ ಒಂದು ಪದರವನ್ನು ಪೂರ್ತಿ ದಾಟಿ, ಎರಡನೆಯ ಪದರದ ಅರ್ಧ ದಪ್ಪದಲ್ಲೇ ತಿರುಗಿ ಹೊರಬರಬೇಕು. ಹಾಗಾಗಿ ಆರಪಾರ ತೂತೇ ಬೀಳುವುದಿಲ್ಲ. ಅದರ ಮೇಲೆ ಇನ್ನೊಂದು ಸಾಲು ಹೊಲಿಗೆ. ದಾರ ಕಾರಿಬು ಜಿಂಕೆಯ ಬೆನ್ನಿನ ನರದ್ದು. ನೆನೆದಾಗ ಉಬ್ಬಿ ಸೂಜಿಯ ಗುರುತನ್ನು ತಾನೇ ಮುಚ್ಚುತ್ತದೆ. ನೈಲಾನ್ ದಾರಕ್ಕೆ ಈ ಗುಣವಿಲ್ಲ. ವಸಂತದಲ್ಲಿ ಕರಗುವ ಮಂಜಿನ ಮೇಲೆ ಕಾಲು ಒದ್ದೆಯಾದರೆ ಬೆರಳು ಕಳೆದುಕೊಳ್ಳುವ ಊರಲ್ಲಿ ಇದು ಅಲಂಕಾರದ ಕುಶಲಕಲೆಯಲ್ಲ. ಕಲಿಯಲು ವರ್ಷಗಳು ಬೇಕು. ಕಲಿಯಲು ಚರ್ಮ ಬೇಕು. ಚರ್ಮ ಬರಲು ಮನೆಯಲ್ಲಿ ಯಾರಾದರೂ ಬೇಟೆಗೆ ಹೋಗುತ್ತಿರಬೇಕು.

ನಾಯಿ ಹೋಯಿತು, ಪೆಟ್ರೋಲ್ ಬಂತು

1950, 60ರ ದಶಕಗಳಲ್ಲಿ ಕೆನಡಾ ಸರ್ಕಾರ ಚದುರಿದ ಬೇಟೆಬಿಡಾರಗಳ ಇನುಯಿಟರನ್ನು ಶಾಲೆ, ಆಸ್ಪತ್ರೆ, ಅಂಗಡಿ ಇರುವ ಊರುಗಳಿಗೆ ಸೇರಿಸಿತು. ಅದೇ ಕಾಲದಲ್ಲಿ ಪೊಲೀಸರೂ ಅಧಿಕಾರಿಗಳೂ ಸ್ಲೆಡ್ಜ್ ಎಳೆಯುವ ನಾಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದರು. ಇದಕ್ಕಾಗಿ ಕೆನಡಾ 2019ರ ಆಗಸ್ಟ್‌ನಲ್ಲಿ ನುನಾವುಟ್ ಪ್ರಾಂತ್ಯದ ಕಿಕಿಕ್ತಾನಿ ಪ್ರದೇಶದವರ ಕ್ಷಮೆ ಕೇಳಿತು. 2024ರ ನವೆಂಬರ್‌ನಲ್ಲಿ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗವಾದ ನುನಾವಿಕ್‌ನವರ ಕ್ಷಮೆ ಕೇಳಿ 4.5 ಕೋಟಿ ಡಾಲರ್ ಪರಿಹಾರವನ್ನೂ ಘೋಷಿಸಿತು.

ನಾಯಿ ಹೋದದ್ದರ ಆರ್ಥಿಕ ಪರಿಣಾಮ ದೊಡ್ಡದು. ನಾಯಿಯ ಇಂಧನ ಸೀಲ್ ಮಾಂಸ, ಬೇಟೆಯೇ ಬೇಟೆಗೆ ಖರ್ಚು ಹೊಂದಿಸುತ್ತಿತ್ತು. ಅದರ ಜಾಗಕ್ಕೆ ಬಂದ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ವಾಹನ ಸೀಲ್ ತಿನ್ನುವುದಿಲ್ಲ. ಹೊಸದಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿ ಬೇಕು, ಆಮೇಲೆ ಪೆಟ್ರೋಲ್, ಆಯಿಲ್, ಬೆಲ್ಟ್, ಗುಂಡು, ಡೇರೆ, ಉಪಗ್ರಹ ಸಂಪರ್ಕದ ಯಂತ್ರ. ನಾಯಿ ಅಗ್ಲುವನ್ನು ಮೂಸಿ ಹುಡುಕುತ್ತಿತ್ತು, ಮಂಜು ತೆಳುವಾಗಿದ್ದರೆ ಮುಂದೆ ಹೋಗಲು ಒಪ್ಪುತ್ತಿರಲಿಲ್ಲ. ಈ ಎರಡೂ ಯಂತ್ರಕ್ಕೆ ಬರದು. ಊರಲ್ಲೇ ನೆಲೆ ನಿಂತ ಮೇಲೆ ಬೇಟೆಯ ಜಾಗ ದೂರವಾಯಿತು, ಆದ್ದರಿಂದ ಯಂತ್ರವಿಲ್ಲದೆ ಆಗದು.

ಈ ಖರ್ಚನ್ನು ತುಂಬಿದ್ದು ಚರ್ಮ. 1960ರ ದಶಕದ ಆರಂಭದಲ್ಲಿ ಯುರೋಪಿನ ಫ್ಯಾಷನ್‌ಗೆ ಸೀಲ್ ಚರ್ಮ ಬೇಕಾಗಿ ಬೆಲೆ ಏರಿತು. ಅಂದರೆ ಬೇಟೆಗಾರ ಮೊದಲಿನಂತೆಯೇ ಊಟಕ್ಕಾಗಿ ಸೀಲ್ ಹಿಡಿದ. ಹೇಗೂ ಉಳಿಯುವ ಚರ್ಮ ಮಾರಿ ಪೆಟ್ರೋಲ್ ಹಾಕಿಸಿದ. ಯಾರ ಕೈಕೆಳಗೂ ದುಡಿಯದೆ, ನೌಕರಿಯ ಗಂಟೆಗಳಿಗೆ ಕಟ್ಟುಬೀಳದೆ ಪೂರ್ಣಾವಧಿ ಬೇಟೆಗಾರನಾಗಿ ಇರಲು ಸಾಧ್ಯವಾದದ್ದು ಈ ಹೊಂದಾಣಿಕೆಯಿಂದ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

1983ರ ಮಾರ್ಚ್‌ನಲ್ಲಿ ಆಗಿನ ಯುರೋಪಿಯನ್ ಆರ್ಥಿಕ ಸಮುದಾಯ ಬಿಳಿಮರಿ ಹಾರ್ಪ್ ಸೀಲ್ ಮತ್ತು ನೀಲಿಬೆನ್ನಿನ ಹುಡೆಡ್ ಸೀಲ್ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. ಉಂಗುರ ಸೀಲಿನ ಹೆಸರು ಅದರಲ್ಲಿ ಇರಲೇ ಇಲ್ಲ. ಇನುಯಿಟರ ಬೇಟೆಗೆ ಆಗಲೂ ವಿನಾಯಿತಿ ಇತ್ತು. ಹಾಗಿದ್ದೂ ಒಂದೆರಡು ಹಂಗಾಮಿನಲ್ಲಿ ಉಂಗುರ ಸೀಲಿನ ಬೆಲೆ ಮಣ್ಣುಪಾಲಾಯಿತು. ಚರ್ಮ ಮಾರಿದರೆ ಪೆಟ್ರೋಲಿನ ಖರ್ಚೂ ಗಿಟ್ಟದಾಯಿತು.

ಕಾರಣ ಸರಳ. ಪ್ಯಾರಿಸ್ಸಿನಲ್ಲಿ ಕೋಟು ಕೊಳ್ಳುವವಳು ಲೇಬಲ್ ತಿರುಗಿಸಿ ಇದು ಹಾರ್ಪೋ ಉಂಗುರವೋ ಎಂದು ನೋಡುವುದಿಲ್ಲ. ಸೀಲ್ ಎಂದರೆ ರಕ್ತ ಬಿದ್ದ ಮಂಜು, ಕಪ್ಪುಕಣ್ಣಿನ ಮರಿ. ಅಂಗಡಿಯವನು ಜಗಳ ಬೇಡವೆಂದು ಎಲ್ಲ ಸೀಲ್ ಉಡುಪನ್ನೂ ಕೆಳಗಿಳಿಸಿದ. ಕೆನಡಾ ಸರ್ಕಾರ ನೇಮಿಸಿದ ರಾಯಲ್ ಕಮಿಷನ್ 1986ರಲ್ಲಿ ವರದಿ ಕೊಟ್ಟಿತು. 1987ರಲ್ಲಿ ಬಿಳಿಮರಿಯ ವಾಣಿಜ್ಯ ಬೇಟೆಯನ್ನು ಕೆನಡಾವೇ ನಿಲ್ಲಿಸಿತು. ಉತ್ತರದ ಊರುಗಳಿಗೆ ಹೋದ ಆದಾಯ ಮರಳಲಿಲ್ಲ. ಸೀಲ್ ಬೇಟೆಯ ವಿರುದ್ಧದ ಚಳವಳಿಯಲ್ಲಿ ತಾನು ಇನುಯಿಟರಿಗೆ ಮಾಡಿದ ಹಾನಿಗಾಗಿ ಪರಿಸರ ಸಂಘಟನೆ ಗ್ರೀನ್‌ಪೀಸ್ ಕೆನಡಾ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿತು. 31 ವರ್ಷ ತಡ.

1983ರಲ್ಲಿ ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ಜೊತೆ ಯುರೋಪಿಯನ್ ಆರ್ಥಿಕ ಸಮುದಾಯದ ಒಳಗೇ ಇತ್ತು ಎಂಬುದನ್ನು ಹಲವರು ಮರೆಯುತ್ತಾರೆ. ಅದು ಹೊರಬಂದದ್ದು 1985ರಲ್ಲಿ, ಮುಖ್ಯವಾಗಿ ಮೀನುಗಾರಿಕೆಯ ಹಕ್ಕಿಗಾಗಿ.

2009ರ ಕಾನೂನು ಮತ್ತು ಡಬ್ಲ್ಯುಟಿಒ ತೀರ್ಪು

2009ರ ಕಾನೂನು 1983ರದ್ದಕ್ಕಿಂತ ಅಗಲ. ಮರಿ, ದೊಡ್ಡದು, ಯಾವ ಜಾತಿ ಎಂಬ ಭೇದವಿಲ್ಲದೆ ಎಲ್ಲ ಸೀಲ್ ಉತ್ಪನ್ನವೂ ನಿಷಿದ್ಧ. ಮೂರು ಕಿಂಡಿಗಳನ್ನು ಬಿಟ್ಟರು: ಇನುಯಿಟರಂಥ ಮೂಲನಿವಾಸಿಗಳ ಬೇಟೆ, ಕಡಲ ಸಂಪನ್ಮೂಲ ನಿರ್ವಹಣೆಗಾಗಿ ಲಾಭವಿಲ್ಲದೆ ಮಾಡುವ ಬೇಟೆ, ಪ್ರವಾಸಿಗರು ಸ್ವಂತಕ್ಕೆ ತರುವ ವಸ್ತು.

ಕೆನಡಾ ಮತ್ತು ನಾರ್ವೆ ವಿಶ್ವ ವಾಣಿಜ್ಯ ಸಂಸ್ಥೆಗೆ (ಡಬ್ಲ್ಯುಟಿಒ) ದೂರು ಕೊಟ್ಟವು. 2014ರ ಮೇ ತಿಂಗಳ ಅಂತಿಮ ತೀರ್ಪು ಎರಡು ಮಾತು ಹೇಳಿತು. ಪ್ರಾಣಿಹಿಂಸೆಯ ಬಗ್ಗೆ ಯುರೋಪಿನ ಜನರ ನೈತಿಕ ಅಸಹ್ಯ ವ್ಯಾಪಾರ ನಿಷೇಧಕ್ಕೆ ಒಪ್ಪತಕ್ಕ ಕಾರಣ ಎಂಬುದು ಒಂದು. ವಿನಾಯಿತಿಯನ್ನು ಜಾರಿಮಾಡಿದ ರೀತಿ ಪಕ್ಷಪಾತದ್ದು, ಅದರ ಲಾಭ ಗ್ರೀನ್‌ಲ್ಯಾಂಡಿಗೆ ಸಿಕ್ಕಿದಂತೆ ಕೆನಡಾದ ಇನುಯಿಟರಿಗೆ ಸಿಗುತ್ತಿಲ್ಲ ಎಂಬುದು ಇನ್ನೊಂದು. ಇದರಿಂದ 2015ರಲ್ಲಿ ತಿದ್ದುಪಡಿ ಬಂತು. ಎರಡನೆಯ ಕಿಂಡಿ ಮುಚ್ಚಿತು. ಮೊದಲನೆಯದಕ್ಕೆ ಪ್ರಾಣಿಯ ನೋವು ಕಡಿಮೆ ಮಾಡುವ ಷರತ್ತು ಸೇರಿತು. ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ ಕಡ್ಡಾಯವಾಯಿತು. ಅಂಥ ಮಾನ್ಯತೆ ಗ್ರೀನ್‌ಲ್ಯಾಂಡ್, ನುನಾವುಟ್, ಆಮೇಲೆ ಕೆನಡಾದ ವಾಯವ್ಯ ಪ್ರಾಂತ್ಯಗಳಿಗೆ ಸಿಕ್ಕಿದೆ. ಕೆನಡಾದ ಇನುಯಿಟರ ರಾಷ್ಟ್ರೀಯ ಸಂಘಟನೆ ಇನುಯಿಟ್ ತಾಪಿರೀತ್ ಕನತಾಮಿ ಇತರರ ಜೊತೆ ಯುರೋಪಿನ ನ್ಯಾಯಾಲಯಗಳಲ್ಲೇ ಹೂಡಿದ ಮೊಕದ್ದಮೆಗಳು ಬಿದ್ದುಹೋದವು.

ಈ ಜಗಳದ ಒಂದು ಎಳೆ ಭಾರತಕ್ಕೂ ತಾಗುತ್ತದೆ. 2013ರ ಮೇ ತಿಂಗಳಲ್ಲಿ ಸ್ವೀಡನ್ನಿನ ಕಿರುನಾದಲ್ಲಿ ನಡೆದ, ಆರ್ಕ್ಟಿಕ್ ದೇಶಗಳ ಕೂಟವಾದ ಆರ್ಕ್ಟಿಕ್ ಕೌನ್ಸಿಲ್‌ನ ಸಭೆ ಭಾರತಕ್ಕೆ ವೀಕ್ಷಕ ಸ್ಥಾನ ಕೊಟ್ಟಿತು. ಅದೇ ಸಭೆಯಲ್ಲಿ ಯುರೋಪಿಯನ್ ಒಕ್ಕೂಟದ ಅರ್ಜಿಯ ಜಾರಿ ತಡೆಯಾಯಿತು. ಅಡ್ಡಬಂದದ್ದು ಸೀಲ್ ನಿಷೇಧದ ಬಗ್ಗೆ ಕೆನಡಾದ ಸಿಟ್ಟು.

ವಿನಾಯಿತಿ ಯಾಕೆ ಕೆಲಸ ಮಾಡದು

ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ಗಾದೆಯಂತೆ ಈ ವಿನಾಯಿತಿ. ಮಾರಬಹುದು ಎಂದು ಕಾನೂನು ಹೇಳಿದ ಮಾತ್ರಕ್ಕೆ ಮಾರುಕಟ್ಟೆ ಹುಟ್ಟುವುದಿಲ್ಲ.

ಇನುಯಿಟರ ಚರ್ಮಕ್ಕೆ ತನ್ನದೇ ಪ್ರತ್ಯೇಕ ದಾರಿ ಯಾವತ್ತೂ ಇರಲಿಲ್ಲ. ಅದು ಹೋಗುತ್ತಿದ್ದದ್ದು ವಾಣಿಜ್ಯ ಬೇಟೆಯ ಚರ್ಮ ಹೋಗುವ ಹದಗಾರರು, ಹರಾಜುಕಟ್ಟೆ, ದಲ್ಲಾಳಿಗಳ ದಾರಿಯಲ್ಲೇ. ದೊಡ್ಡ ಸರಕು ನಿಂತ ಮೇಲೆ ಹದಗಾರನಿಗೆ ಯಂತ್ರ ಓಡಿಸುವಷ್ಟು ಕೆಲಸವಿಲ್ಲ. ಮುಖ್ಯರಸ್ತೆ ಮುಚ್ಚಿ ನಿಮ್ಮ ಮನೆಯ ಓಣಿಯನ್ನು ಮಾತ್ರ ತೆರೆದಿಟ್ಟರೆ ಬಸ್ಸು ಬರುತ್ತದೆಯೇ? ಗ್ರೀನ್‌ಲ್ಯಾಂಡಿನ ಸ್ಥಿತಿ ವಾಸಿ ಎನಿಸಿದ್ದಕ್ಕೆ ಕಾರಣವೂ ಇದೇ. ಕಕೊರ್ತೊಕ್ ಪಟ್ಟಣದಲ್ಲಿ ಸರ್ಕಾರಿ ಒಡೆತನದ ಗ್ರೇಟ್ ಗ್ರೀನ್‌ಲ್ಯಾಂಡ್ ಎಂಬ ಹದಕಾರ್ಖಾನೆ ಇದೆ. ಬೇಟೆಗಾರರಿಂದ ಕೊಂಡು, ಹದಮಾಡಿ, ಪ್ರಮಾಣಪತ್ರ ಹಚ್ಚಿ ಹೊರಡಿಸುವ ಕೆಲಸ ಒಂದೇ ಸೂರಿನಡಿ ನಡೆಯುತ್ತದೆ, ಬೆಲೆಗೆ ಸರ್ಕಾರದ ಸಬ್ಸಿಡಿಯ ಆಸರೆಯೂ ಇದೆ. ಅಷ್ಟೆಲ್ಲ ಇದ್ದರೂ 2009ರ ನಂತರ ಗ್ರೀನ್‌ಲ್ಯಾಂಡಿನ ಚರ್ಮದ ರಫ್ತು ತೀವ್ರವಾಗಿ ಕುಸಿಯಿತು.

ಇನ್ನೊಂದು ತೊಡಕು ಕಾನೂನಿನ ಮಾತಿನೊಳಗೇ ಇದೆ. ಬೇಟೆ ಪರಂಪರೆಯದ್ದಾಗಿರಬೇಕು, ಸಮುದಾಯದ ಜೀವನಕ್ಕಾಗಿರಬೇಕು, ಮುಖ್ಯವಾಗಿ ವ್ಯಾಪಾರಕ್ಕಾಗಿ ನಡೆಯಬಾರದು. ಕೇಳಲು ನ್ಯಾಯವಾಗಿದೆ. ಆದರೆ ಪೆಟ್ರೋಲ್ ಬೇಕಾದ ಬೇಟೆಯಲ್ಲಿ ಊಟ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಗುತ್ತದೆ? ಇನುಯಿಟರಿಗೆ ಸಿಟ್ಟು ಬರುವುದು ಇಲ್ಲಿ. ನೀವು ಬಡವರಾಗಿ, ಹಳಬರಾಗಿ, ಈಟಿ ಹಿಡಿದು ಉಳಿದರೆ ನಿಮ್ಮ ಸಂಸ್ಕೃತಿಗೆ ನಮ್ಮ ಗೌರವ. ದುಡಿಯಲು ಹೊರಟರೆ ಅದು ಸಂಸ್ಕೃತಿಯಲ್ಲ ಎಂದು ಹೇಳಿದಂತಾಗುತ್ತದೆ ಎಂಬುದು ಅವರ ವಾದ. 1993ರ ನುನಾವುಟ್ ಒಪ್ಪಂದ ಇದಕ್ಕೆ ನೇರ ಎದುರು. ಕಾನೂನುಬದ್ಧವಾಗಿ ಹಿಡಿದದ್ದನ್ನು ಇನುಯಿಟರು ಮಾರಬಹುದು, ಬದಲಾಯಿಸಿಕೊಳ್ಳಬಹುದು, ಕೊಡಬಹುದು ಎಂದು ಅದು ಬರೆದುಕೊಟ್ಟಿದೆ.

ಉಳಿದವರ ವಾದ

ಪ್ರಾಣಿದಯಾ ಸಂಘಗಳನ್ನು ಭಾವುಕರೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2007ರಲ್ಲಿ ಪರಿಶೀಲಿಸಿ, ಸೀಲನ್ನು ಬೇಗ, ನೋವಿಲ್ಲದೆ ಕೊಲ್ಲಲು ಸಾಧ್ಯ, ಆದರೆ ವಾಸ್ತವದಲ್ಲಿ ಯಾವಾಗಲೂ ಹಾಗಾಗುತ್ತಿಲ್ಲ ಎಂದಿತು. ಅಲುಗುವ ದೋಣಿ, ಅಲುಗುವ ಮಂಜು, ಗಾಳಿ. ಗುರಿ ತಪ್ಪುವ ಸಂದರ್ಭಗಳು ಕಸಾಯಿಖಾನೆಗಿಂತ ಹೆಚ್ಚು. ಈ ಸಂಘಗಳಿಗೆ ಇನ್ನೊಂದು ಭಯವೂ ಇದೆ. ಇನುಯಿಟರ ಹೆಸರಲ್ಲಿ ಬಾಗಿಲು ತೆರೆದರೆ ಅವರ ಹಿಂದೆಯೇ ದೊಡ್ಡ ವಾಣಿಜ್ಯ ಬೇಟೆ ನುಗ್ಗೀತು. ಕೆನಡಾ ಸರ್ಕಾರ ಇನುಯಿಟರನ್ನು ಮುಂದೆ ನಿಲ್ಲಿಸಿ ನ್ಯೂಫೌಂಡ್‌ಲ್ಯಾಂಡಿನ ಪರ ವಾದಿಸಿದ್ದೂ ಉಂಟು.

ಬಾಲ್ಟಿಕ್ ತೀರದ ಮೀನುಗಾರರದ್ದು ಮೂರನೆಯ ದನಿ. ಸ್ವೀಡನ್, ಫಿನ್ಲೆಂಡ್ ಕಡೆ ಬೂದು ಸೀಲ್‌ಗಳು ಮತ್ತೆ ಹೆಚ್ಚಿ ಬಲೆಗೆ ಬಿದ್ದ ಮೀನು ತಿನ್ನುತ್ತವೆ, ಬಲೆ ಹರಿಯುತ್ತವೆ. ಕೊಲ್ಲಲು ಪರವಾನಗಿ ಸಿಗುತ್ತದೆ, ಕೊಂದದ್ದನ್ನು ಮಾರುವಂತಿಲ್ಲ. ಕೊಂದ ಪ್ರಾಣಿಯನ್ನು ವ್ಯರ್ಥ ಮಾಡಿಸುವ ಕಾನೂನಿನಲ್ಲಿ ಯಾವ ನೀತಿ ಎಂದು ಅವರ ಪ್ರಶ್ನೆ. 2024ರ ಮರುಪರಿಶೀಲನೆಗೆ ಒತ್ತಡ ಬಂದದ್ದರಲ್ಲಿ ಇವರ ಪಾಲೂ ಇದೆ. ಇವರು ಯುರೋಪಿನ ಮತದಾರರು, ಇನುಯಿಟರಲ್ಲ. ಕಾನೂನು ಸಡಿಲವಾದರೆ ಯಾರ ಮಾತಿಗಾಗಿ ಆದೀತು ಎಂದು ಊಹಿಸುವುದು ಕಷ್ಟವಲ್ಲ.

ತಟ್ಟೆಗೆ ಬಂದ ಪರಿಣಾಮ

ಸೀಲ್ ಚರ್ಮದ ಆದಾಯ ಹೋದ ಮೇಲೆ ಬೇಟೆಗೆ ಹೋಗಲು ಎರಡೇ ದಾರಿ ಉಳಿದವು: ನೌಕರಿ ಅಥವಾ ನೌಕರಿಯಲ್ಲಿರುವ ನೆಂಟರ ನೆರವು. ನೌಕರಿ ಇದ್ದವನ ಬಳಿ ಪೆಟ್ರೋಲಿಗೆ ರೊಕ್ಕವಿದೆ, ಹೊತ್ತಿಲ್ಲ. ವಾರದ ಕೊನೆಯ ಎರಡು ದಿನ ಗಾಳಿ ಬೀಸಿದರೆ ಆ ವಾರದ ಬೇಟೆ ಮುಗಿಯಿತು. ಹೊತ್ತಿರುವವನ ಬಳಿ ರೊಕ್ಕವಿಲ್ಲ. ಬೇಟೆಗಾರರು ಕಡಿಮೆಯಾದಂತೆ ಹಂಚಲು ಮಾಂಸವೂ ಕಡಿಮೆ. ಪ್ರೋಟೀನು, ಕಬ್ಬಿಣಾಂಶ ಧಾರಾಳವಾಗಿರುವ ಸೀಲ್ ಮಾಂಸದ ಜಾಗಕ್ಕೆ ವಿಮಾನದಲ್ಲಿ ಬಂದ ದುಬಾರಿ ಡಬ್ಬಿ ತಿನಿಸು ಬಂತು. 2017ರ ಸರ್ಕಾರಿ ಸಮೀಕ್ಷೆಯಲ್ಲಿ ಇನುಯಿಟ್ ನುನಂಗಾಟ್‌ನ 15 ವರ್ಷ ಮತ್ತು ಮೇಲಿನ ಇನುಯಿಟರಲ್ಲಿ ಶೇ 76ರಷ್ಟು ಮಂದಿ ಆಹಾರ ಅಭದ್ರತೆಯಲ್ಲಿದ್ದರು. ಜಗತ್ತಿನ ಶ್ರೀಮಂತ ದೇಶವೊಂದರ ಅಂಕಿ ಇದು.

ಕೆನಡಾ 2011ರಲ್ಲಿ ನ್ಯೂಟ್ರಿಷನ್ ನಾರ್ತ್ ಎಂಬ ಯೋಜನೆ ತಂದು ಉತ್ತರಕ್ಕೆ ಹೋಗುವ ಆಹಾರಕ್ಕೆ ಸಬ್ಸಿಡಿ ಕೊಟ್ಟಿತು. ಅದು ಅಂಗಡಿಗಳ ಮೂಲಕ ಸಲ್ಲುವುದರಿಂದ ಪೂರ್ತಿ ಲಾಭ ಗಿರಾಕಿಗೆ ಮುಟ್ಟುತ್ತದೆಯೇ ಎಂಬ ಅನುಮಾನ ಅಂದಿನಿಂದಲೂ ಇದೆ. ಬೇಟೆಗಾರನಿಗೇ ನೆರವು ಕೊಡುವ ಅನುದಾನ ಸೇರಿದ್ದು 2020ರಲ್ಲಿ. ನುನಾವಿಕ್ ಪ್ರದೇಶ ಇದನ್ನು ಮೊದಲೇ ಅರಿತಿತ್ತು. 1975ರ ಜೇಮ್ಸ್ ಬೇ ಒಪ್ಪಂದದಡಿ ಅಲ್ಲಿ ಬೇಟೆಗಾರರಿಗೆ ಹಣಕೊಟ್ಟು ಮಾಂಸವನ್ನು ಊರಿನ ಸಾಮೂಹಿಕ ಫ್ರೀಜರಿಗೆ ತುಂಬಿಸುವ ವ್ಯವಸ್ಥೆ ದಶಕಗಳಿಂದ ನಡೆದಿದೆ. ಸೀಲ್ ಮಾರುಕಟ್ಟೆ ಸತ್ತರೂ ಬೇಟೆ ಬದುಕಬಹುದೆಂದು ತೋರಿಸಿದ ಉದಾಹರಣೆ ಅದು. ಆದರೆ ಅಲ್ಲಿ ಬೇಟೆಗಾರ ಸರ್ಕಾರದ ಬಜೆಟ್ಟಿಗೆ ಕೈಯೊಡ್ಡಬೇಕು.

ಮಂಜು ಕೊಡುವ ಬರೆ

ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. ಮಂಜು ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ. ಹಿಂದೆ ನೇರ ದಾಟುತ್ತಿದ್ದ ಕೊಲ್ಲಿಯನ್ನು ಸುತ್ತುಹಾಕಿ ಹೋಗಬೇಕು; ಅಂದರೆ ಇನ್ನಷ್ಟು ಪೆಟ್ರೋಲ್. ಈಟಿಯಿಂದ ಮಂಜನ್ನು ಕುಕ್ಕಿ ನೋಡಿ, ಒಂದೇ ಪೆಟ್ಟಿಗೆ ತೂತಾದರೆ ಹಿಂದಿರುಗುವುದು ಹಿರಿಯರ ಪಾಠ. ಕಲಿಸಬೇಕಾದವರ ಜೊತೆ ಹುಡುಗರು ಹೋಗದೆ ಇದ್ದಾಗ ಆ ಪಾಠವೂ ಬಾಯಿಮಾತಾಗಿ ಉಳಿಯುತ್ತದೆ. ಸ್ಮಾರ್ಟ್‌ಐಸ್ ಎಂಬ ಸಂಸ್ಥೆ ಸ್ಲೆಡ್ಜ್ ಮೇಲೆ ಕೂರಿಸಿ ಎಳೆಯುವ ಸಂವೇದಕದಿಂದ ದಾರಿಯುದ್ದಕ್ಕೂ ಮಂಜಿನ ದಪ್ಪ ಅಳೆದು ಊರಿನವರಿಗೆ ನಕ್ಷೆ ಒದಗಿಸುತ್ತಿದೆ. ಅಳೆಯುವವರು ಆ ಊರಿನ ಇನುಯಿಟರೇ.

ಸೀಲಿಗೂ ಕಷ್ಟ ಬಂದಿದೆ. ಉಂಗುರ ಸೀಲ್ ಮಾರ್ಚ್, ಏಪ್ರಿಲ್ ಹೊತ್ತಿಗೆ ಮಂಜಿನ ಮೇಲೆ ಹಿಮದ ಗುಹೆಯಲ್ಲಿ ಮರಿ ಹಾಕುತ್ತದೆ. ಹಿಮ ತೆಳುವಾಗಿದ್ದರೆ ಅಥವಾ ಅಕಾಲದಲ್ಲಿ ಮಳೆ ಸುರಿದರೆ ಚಾವಣಿ ಕುಸಿದು ಮರಿ ನರಿ, ಕರಡಿಗಳ ಪಾಲು. ಈ ಜಾತಿ ಮುಂದೆ ನಿಜಕ್ಕೂ ಅಪಾಯಕ್ಕೆ ಸಿಕ್ಕಿದರೆ ಅದು ಬೇಟೆಯಿಂದ ಆಗುವುದಿಲ್ಲ, ದೂರದ ಊರುಗಳ ಹೊಗೆಯಿಂದ ಆಗುತ್ತದೆ. ಚರ್ಮದ ನಿಷೇಧ ಆ ಬಗ್ಗೆ ಏನೂ ಮಾಡಲಾರದು.

ಮುಂದಿನ ದಾರಿಗಳು

ಕಾನೂನು ಇದ್ದಂತೆಯೇ ಉಳಿದರೆ ಕಾಗದದ ಮೇಲಿನ ವಿನಾಯಿತಿ ಕಾಗದದ ಮೇಲೇ ಇರುತ್ತದೆ. ಮಾರಾಟ ಊರೊಳಗಿನ ಹೊಲಿಗೆ, ಕೆನಡಾದ ಒಳಗಿನ ಸಣ್ಣ ವಿನ್ಯಾಸಕಾರರಿಗೆ ಸೀಮಿತ. ಬಾಲ್ಟಿಕ್ ಮೀನುಗಾರರಿಗಾಗಿ ಎರಡನೆಯ ಕಿಂಡಿಯನ್ನು, ಅಂದರೆ ಕಡಲ ಸಂಪನ್ಮೂಲ ನಿರ್ವಹಣೆಯ ಬೇಟೆಗೆ 2015ರವರೆಗೆ ಇದ್ದ ವಿನಾಯಿತಿಯನ್ನು, ಮತ್ತೆ ತೆರೆದರೆ ಯುರೋಪಿನ ಅಂಗಡಿಗೆ ಸೀಲ್ ಮರಳಬಹುದು, ಹದಗಾರರಿಗೆ ಕೆಲಸ ಸಿಗಬಹುದು, ಆ ದಾರಿಯಲ್ಲಿ ಇನುಯಿಟರ ಚರ್ಮವೂ ಸಾಗಬಹುದು. ಆದರೆ ಮನೆಬಾಗಿಲ ಸರಕಿನ ಮುಂದೆ ದೂರದ ದುಬಾರಿ ಚರ್ಮ ಸ್ಪರ್ಧಿಸಬೇಕಾಗುತ್ತದೆ. ಪೂರ್ತಿ ರದ್ದಾದರೂ 1970ರ ದಶಕದ ಬೆಲೆ ಮರಳುವುದು ಅನುಮಾನ. ತುಪ್ಪಳದ ಫ್ಯಾಷನ್ನೇ ಇಳಿದಿದೆ. ರಷ್ಯಾ 2011ರಲ್ಲಿ ಹಾರ್ಪ್ ಸೀಲ್ ಚರ್ಮದ ಆಮದನ್ನು ನಿಲ್ಲಿಸಿತು. ಅಮೆರಿಕದ ಬಾಗಿಲು 1972ರ ಕಡಲಸಸ್ತನಿ ಸಂರಕ್ಷಣಾ ಕಾಯ್ದೆಯಿಂದಲೇ ಮುಚ್ಚಿದೆ. ಅಲಾಸ್ಕದ ಮೂಲನಿವಾಸಿಗಳ ಕರಕುಶಲ ವಸ್ತುವಿಗೆ ಮಾತ್ರ ಅಲ್ಲಿ ಅವಕಾಶ, ಕೆನಡಾ, ಗ್ರೀನ್‌ಲ್ಯಾಂಡಿನ ಇನುಯಿಟರ ವಸ್ತುವಿಗಿಲ್ಲ.

ಈ ಕೊನೆಯ ನಿಯಮ ಈಗ ಪ್ರವಾಸಿಗರ ಕೈಗೆ ನೇರವಾಗಿ ತಾಗುತ್ತಿದೆ. ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ನಲ್ಲಿ 2024ರ ನವೆಂಬರ್‌ನಲ್ಲಿ ದೊಡ್ಡ ವಿಮಾನಗಳು ಇಳಿಯುವ ರನ್‌ವೇ ತೆರೆಯಿತು. 2025ರ ಜೂನ್‌ನಿಂದ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ನಿಂದ ಬೇಸಿಗೆಯ ನೇರ ವಿಮಾನ ಶುರುವಾಯಿತು. ನೂಕ್‌ನ ಅಂಗಡಿಗಳಲ್ಲಿ ಸೀಲ್ ಚರ್ಮದ ಕೈಗವಸು, ಪರ್ಸು, ಕಾಮಿಕ್ ತೂಗುಹಾಕಿರುತ್ತಾರೆ. ಡೆನ್ಮಾರ್ಕಿನಿಂದ ಬಂದವನು ಸ್ವಂತಕ್ಕೆಂದು ಒಂದು ಜೊತೆ ಒಯ್ಯಬಹುದು. ನ್ಯೂಜೆರ್ಸಿಯಿಂದ ಬಂದವರು, ಅಲ್ಲಿ ನೆಲೆಸಿದ ಕನ್ನಡಿಗರೂ ಸೇರಿದಂತೆ, ಕೊಂಡರೆ ವಾಪಸಾದಾಗ ಕಸ್ಟಮ್ಸ್‌ನಲ್ಲಿ ಬಿಟ್ಟುಕೊಡಬೇಕಾಗುತ್ತದೆ. ಗ್ರೀನ್‌ಲ್ಯಾಂಡನ್ನೇ ಕೇಳುತ್ತಿರುವ ದೇಶದ ಕಾನೂನು ಅಲ್ಲಿನ ಒಂದು ಜೊತೆ ಕೈಗವಸನ್ನು ಇನ್ನೂ ಒಳಗೆ ಬಿಡುತ್ತಿಲ್ಲ.